ಹೊಸ್ತಿಲಿನಿಂದ ಎಂಟು ಹೆಜ್ಜೆ: ಇಂಟರ್‌ಪ್ರಿಟರಿನ ಒಳಮನೆ ಮತ್ತು ಅದನ್ನು ನೆಚ್ಚಿಕೊಂಡವರು

(ಧಾರವಾಡದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಕೆಲಸದಲ್ಲಿರುವ ಪ್ರೋಗ್ರಾಮರುಗಳ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತುಸು ತಿದ್ದಿ ಬರೆದದ್ದು.)

ಸಭಿಕರೆಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನನಗೆ ಬಹಳ ವರ್ಷಗಳಿಂದ ಬಳಕೆಯಿರುವ ಒಂದು ಮುದ್ರಣಾಲಯವಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ರೂಢಿಗೆ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಅಕ್ಷರ ಜೋಡಿಸಿದ ನೂರಾರು ಪುಸ್ತಕಗಳ ಫೈಲುಗಳು ಅಲ್ಲಿನ ಹಾರ್ಡ್ ಡಿಸ್ಕುಗಳಲ್ಲಿವೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ಭಾಗಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತಕ್ಷರಗಳನ್ನು, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ತುಂಬಿರುತ್ತಾರೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲನ್ನು ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಮರುಮುದ್ರಣವಾಗಬೇಕಾದರೆ ಅವನ್ನೆಲ್ಲ ಯುನಿಕೋಡಿಗೆ ತಿರುಗಿಸಬೇಕು. ಇದು ಒಂದು ಚಿಹ್ನೆಯ ಜಾಗದಲ್ಲಿ ಇನ್ನೊಂದನ್ನು ಇಟ್ಟು ಮುಗಿಸುವ ಕೆಲಸವಲ್ಲ. ‘ಸೂರ್ಯ’ ಎಂಬ ಮಾತಿನ ಅರ್ಕಾವತ್ತು ಹಳೆಯ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಯಕಾರದ ನಂತರ ಕುಳಿತಿರುತ್ತದೆ. ಯುನಿಕೋಡಿನಲ್ಲಿ ಅದೇ ರಕಾರವು ಉಚ್ಚಾರದ ಕ್ರಮದಲ್ಲಿ ಯಕಾರಕ್ಕಿಂತ ಮೊದಲು ಬರಬೇಕು. ಹೀಗೆ ಪ್ರತಿ ಅಕ್ಷರಕ್ಕೂ ಹಿಂದೆ ಮುಂದೆ ನೋಡುತ್ತ ಸಾಗಬೇಕಾಗಿದ್ದರಿಂದ, ವೇಗಕ್ಕಾಗಿ ನಾನು ಅದನ್ನು ಸಿ ಭಾಷೆಯಲ್ಲಿ ಒಂದು ಎಕ್ಸ್‌ಟೆನ್ಶನ್ ಮಾಡ್ಯೂಲ್ ಆಗಿ, ಅಂದರೆ ಪೈಥಾನ್ ಭಾಷೆಗೆ ಹೊರಗಿನಿಂದ ಜೋಡಿಸುವ ತುಣುಕಾಗಿ, ಬರೆದುಕೊಟ್ಟಿದ್ದೆ. ಅದು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಿತು.

ಒಂದು ದಿನ ಮುಂಜಾನೆ ಮುದ್ರಣಾಲಯದ ಹಿರಿಯರು ಫೋನ್ ಮಾಡಿದರು. “ಸರ, ಪುಸ್ತಕದ ಫೈಲ್ ತಿರುಗವಲ್ದರೀ. ನಿನ್ನಿ ತನಕಾ ನಡದಿತ್ತು. ನಾವೇನೂ ಮುಟ್ಟಿಲ್ಲರೀ, ಹೊಸಾ ಕಂಪ್ಯೂಟರ್ ಅಷ್ಟ ತಂದು ಹಚ್ಚೇವಿ.” ಹೊಸ ಕಂಪ್ಯೂಟರಿನಲ್ಲಿ ಪೈಥಾನ್ 3.12 ಇತ್ತು, ಹಳೆಯದರಲ್ಲಿದ್ದದ್ದು 3.10. ಮಾಡ್ಯೂಲಿನ ಬೈನರಿ ಫೈಲಿನ, ಅಂದರೆ ಯಂತ್ರ ನೇರವಾಗಿ ನಡೆಸುವ ರೂಪದ ಫೈಲಿನ, ಹೆಸರಿನಲ್ಲಿಯೇ 3.10ರ ಗುರುತು ಇದ್ದುದರಿಂದ ಹೊಸ ಪೈಥಾನ್ ಅದರತ್ತ ತಿರುಗಿಯೂ ನೋಡಲಿಲ್ಲ. ಸರಿ, ಮೂಲದಿಂದ ಮತ್ತೊಮ್ಮೆ ಕಟ್ಟಿದರಾಯಿತು ಎಂದು ನಾನು ಗದಗಿಗೆ ಹೋಗಿ, ಮೂಲ ಕೋಡನ್ನು ಬೈನರಿಯಾಗಿ ಮಾಡುವ ಕಂಪೈಲರನ್ನು ಓಡಿಸಿದಾಗ, ನಾನು ಬಳಸಿದ್ದ ‘ಪೈಯುನಿಕೋಡ್_ಆ್ಯಸ್_ಯುನಿಕೋಡ್’ ಎಂಬ ಮ್ಯಾಕ್ರೋದ (ಕಂಪೈಲ್ ಆಗುವಾಗ ಬೇರೆ ಕೋಡಾಗಿ ಬಿಡಿಸಿಕೊಳ್ಳುವ ಸಂಕ್ಷೇಪದ) ಹೆಸರೇ ತನಗೆ ತಿಳಿಯದು ಎಂದು ಅದು ನಿಂತುಬಿಟ್ಟಿತು. ಮುದ್ರಣಾಲಯದವರು ಏನನ್ನೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ನಾವಿಬ್ಬರೂ ಯಾವುದರ ಮೇಲೆ ನಿಂತಿದ್ದೆವೋ ಆ ನೆಲದ ಒಳಗೆ ಬದಲಾವಣೆಯಾಗಿತ್ತು.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ನೆಲದ ಬಗ್ಗೆ. ಒಂದು ಭಾಷೆಯ ಇಂಟರ್‌ಪ್ರಿಟರಿನಲ್ಲಿ, ಅಂದರೆ ಆ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಓದಿ ನಡೆಸುವ ತಂತ್ರಾಂಶದಲ್ಲಿ, ಯಾವುದು ಒಳಗಿನದು, ಯಾವುದು ಹೊರಗಿನದು ಎಂಬುದನ್ನು ಅದನ್ನು ಕಟ್ಟಿದವರು ಹಚ್ಚಿದ ಫಲಕವು ತೀರ್ಮಾನಿಸುವುದಿಲ್ಲ. ಯಾರು ಯಾವುದನ್ನು ನೆಚ್ಚಿಕೊಂಡು ಕುಳಿತಿದ್ದಾರೆ ಎಂಬುದು ತೀರ್ಮಾನಿಸುತ್ತದೆ. ಈ ಮಾತನ್ನು ಒಪ್ಪಿಕೊಂಡ ಮೇಲೆಯೇ ಹಳೆಯದರೊಂದಿಗೆ ಹೊಂದಾಣಿಕೆ ಉಳಿಸಿಕೊಳ್ಳುವ ಕೆಲಸ ಶುರುವಾಗುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರೆಂಬುದನ್ನು ನಿಮ್ಮ ಅಜ್ಜ ಅಜ್ಜಿಯರಿಂದ ಕೇಳಿರುತ್ತೀರಿ. ನೆಲದೊಳಗೆ ಆಳವಾಗಿ ತೋಡಿದ ಗುಂಡಿ, ಅದರ ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಾಳು ಬೇಕಾದಾಗ ಅದನ್ನು ಕಂಡುಹಿಡಿಯಲು ಎರಡು ದಾರಿಗಳಿವೆ ಎಂದಿಟ್ಟುಕೊಳ್ಳಿ. ಮನೆಯ ಯಜಮಾನನನ್ನು ಕೇಳುವುದು ಒಂದು; ಅವನು ಎದ್ದು ಬಂದು ತೋರಿಸುತ್ತಾನೆ. ‘ಹೊಸ್ತಿಲಿನಿಂದ ಎಂಟು ಹೆಜ್ಜೆ’ ಎಂದು ಬಾಯಿಪಾಠ ಮಾಡಿಟ್ಟುಕೊಂಡು ಯಾರನ್ನೂ ಕೇಳದೆ ನೇರವಾಗಿ ಹೋಗಿ ಅಗೆಯುವುದು ಇನ್ನೊಂದು. ಎರಡನೆಯದು ಬೇಗ ಆಗುವ ಕೆಲಸ. ಆದರೆ ಯಜಮಾನನು ಪಡಸಾಲೆಯನ್ನು ಬೆಳೆಸಿ ಹೊಸ್ತಿಲನ್ನು ಮೂರು ಹೆಜ್ಜೆ ಮುಂದಕ್ಕೆ ತಂದ ದಿನ, ಬಾಯಿಪಾಠದವನು ಅದೇ ಎಂಟು ಹೆಜ್ಜೆ ನಡೆದು ಬರಿಯ ಮಣ್ಣನ್ನು ಅಗೆಯುತ್ತಾನೆ. ತಾನು ತಪ್ಪಿದ್ದೇನೆಂದು ಅವನಿಗೆ ಹೇಳುವವರೂ ಇರುವುದಿಲ್ಲ.

ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್ ಮಾಡ್ಯೂಲುಗಳು ಮಾಡುವುದು ಇದನ್ನೇ. ಸಿ ಭಾಷೆಯಲ್ಲಿಯೇ ಬರೆದಿರುವ ಮುಖ್ಯ ಪೈಥಾನಿನಲ್ಲಿ, ಅಂದರೆ ಸಿಪೈಥಾನಿನಲ್ಲಿ, ಪ್ರತಿಯೊಂದು ವಸ್ತುವೂ ಒಂದು ಸಣ್ಣ ಸ್ಟ್ರಕ್ಟ್‌ನಿಂದ, ಅಂದರೆ ಮೆಮೊರಿಯಲ್ಲಿ ಕ್ರಮವಾಗಿ ಜೋಡಿಸಿದ ಮನೆಗಳ ಸಾಲಿನಿಂದ, ಆರಂಭವಾಗುತ್ತದೆ. 64 ಬಿಟ್ ಯಂತ್ರದಲ್ಲಿ ಮೊದಲ 8 ಬೈಟುಗಳಲ್ಲಿ ಆ ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ, ಅಂದರೆ ರೆಫರೆನ್ಸ್ ಕೌಂಟ್, ಇರುತ್ತದೆ; ನಂತರದ 8 ಬೈಟುಗಳಲ್ಲಿ ಅದು ಯಾವ ಜಾತಿಯ ವಸ್ತು ಎಂದು ತೋರಿಸುವ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಇರುತ್ತದೆ. ಲಿಸ್ಟ್ ಆಗಿದ್ದರೆ ಅದರ ಮುಂದಿನ 8 ಬೈಟುಗಳಲ್ಲಿ ಉದ್ದ, 24ನೆಯ ಬೈಟಿನಿಂದ ಅಂಶಗಳ ಪಟ್ಟಿಗೆ ದಾರಿ. ಮಾಡ್ಯೂಲಿನ ಕೋಡು ಸೇರಿಸಿಕೊಳ್ಳುವ ಹೆಡರ್ ಫೈಲಿನಲ್ಲಿ ಈ ವಿನ್ಯಾಸ ಎಲ್ಲರಿಗೂ ಕಾಣುವಂತೆ ಬರೆದಿರುವುದರಿಂದ, ಒಂದು ಮ್ಯಾಕ್ರೋವನ್ನು ಬಳಸಿ ವಸ್ತುವಿನ ಜಾತಿಯನ್ನು ಕೇಳಿದಾಗ ಕಂಪೈಲರ್ ಯಾವ ಫಂಕ್ಷನನ್ನೂ ಕರೆಯುವುದಿಲ್ಲ. ‘ಆರಂಭದಿಂದ 8 ಬೈಟು ದಾಟಿ ಓದು’ ಎಂಬ ಆಜ್ಞೆಯನ್ನು ನಮ್ಮ ಬೈನರಿಯ ಒಳಗೇ ಕೆತ್ತಿಬಿಡುತ್ತದೆ. ಆ ಎಂಟು ಎಂಬ ಸಂಖ್ಯೆ ಇನ್ನು ಇಂಟರ್‌ಪ್ರಿಟರಿನ ಸೊತ್ತಾಗಿ ಉಳಿಯಲಿಲ್ಲ. ಅದು ಗದಗಿನ ಕಂಪ್ಯೂಟರಿನಲ್ಲಿದೆ, ಹಾವೇರಿಯ ಯಾವುದೋ ಕಾಲೇಜಿನ ಪ್ರಯೋಗಾಲಯದಲ್ಲಿದೆ, ಯಾರೂ ಲೆಕ್ಕವಿಡದ ಸಾವಿರಾರು ಕಡೆಗಳಲ್ಲಿದೆ.

ಆದ್ದರಿಂದ ಹೊಂದಾಣಿಕೆಯಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಹೆಸರುಗಳ ಮಟ್ಟದ ಒಪ್ಪಂದಕ್ಕೆ ಎಪಿಐ ಎನ್ನುತ್ತೇವೆ; ಅದು ಮುರಿದರೆ ಕಂಪೈಲರ್ ನಿಂತು ಹೇಳುತ್ತದೆ. ಬೈಟುಗಳ ಸ್ಥಾನದ ಮಟ್ಟದ ಒಪ್ಪಂದಕ್ಕೆ ಎಬಿಐ ಎನ್ನುತ್ತೇವೆ; ಅದು ಮುರಿದರೆ ಹೇಳುವವರಿಲ್ಲ, ಪ್ರೋಗ್ರಾಂ ತಪ್ಪು ಜಾಗವನ್ನು ಓದಿ ಕುಸಿಯುತ್ತದೆ ಅಥವಾ ಅದಕ್ಕಿಂತ ಕೆಟ್ಟದಾಗಿ, ಕುಸಿಯದೆ ತಪ್ಪು ಉತ್ತರ ಕೊಡುತ್ತದೆ. ಇಂಟರ್‌ಪ್ರಿಟರಿನ ಒಳಭಾಗವನ್ನು ನೋಡಿಕೊಳ್ಳುವವರು ರಾತ್ರಿ ನಿದ್ದೆಗೆಡುವುದು ಈ ಎರಡನೆಯದಕ್ಕಾಗಿ.

ನನ್ನ ಮಾಡ್ಯೂಲನ್ನು ನಿಲ್ಲಿಸಿದ ಬದಲಾವಣೆಯ ಕಥೆಯನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಅದರ ನಡುವೆ ಕನ್ನಡವೂ ಇದೆ. ಪೈಥಾನ್ 3.3ಕ್ಕಿಂತ ಮೊದಲು ಇಂಟರ್‌ಪ್ರಿಟರನ್ನು ಕಟ್ಟುವಾಗಲೇ ಒಂದು ಆಯ್ಕೆ ಮಾಡಬೇಕಾಗುತ್ತಿತ್ತು: ಯುನಿಕೋಡಿನ ಪ್ರತಿ ಅಕ್ಷರಕ್ಕೆ 2 ಬೈಟೋ 4 ಬೈಟೋ ಎಂದು. 4 ಬೈಟಿನ ಪೈಥಾನಿಗೆ ಕಟ್ಟಿದ ಮಾಡ್ಯೂಲು 2 ಬೈಟಿನ ಪೈಥಾನಿನಲ್ಲಿ ನಡೆಯುವಂತಿರಲಿಲ್ಲ. ಇಲ್ಲಿ ಆ ಕಾಲದ ನಿರ್ಮಾಪಕರು ಮಾಡಿದ ಒಂದು ಏರ್ಪಾಡನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅವರು ಹೆಡರ್ ಫೈಲಿನಲ್ಲಿ ಯುನಿಕೋಡ್ ಫಂಕ್ಷನ್ನುಗಳ ಹೆಸರನ್ನೇ ಗುಟ್ಟಾಗಿ ಬದಲಿಸುತ್ತಿದ್ದರು. ಒಂದು ಬಗೆಯ ಪೈಥಾನಿನಲ್ಲಿ ಹೆಸರಿನ ನಡುವೆ ‘ಯುಸಿಎಸ್2’ ಎಂದೂ ಇನ್ನೊಂದರಲ್ಲಿ ‘ಯುಸಿಎಸ್4’ ಎಂದೂ ಸೇರುತ್ತಿತ್ತು. ತಪ್ಪು ಜೋಡಿ ಸೇರಿದರೆ ಮಾಡ್ಯೂಲು ಲೋಡ್ ಆಗುವಾಗಲೇ ‘ಈ ಹೆಸರು ಸಿಗಲಿಲ್ಲ’ ಎಂದು ನಿಲ್ಲುತ್ತಿತ್ತು. ಬಳಸುವವರಿಗೆ ಆ ಸಂದೇಶ ಕಿರಿಕಿರಿಯನ್ನೇ ತಂದಿರಬಹುದು. ಆದರೆ ಅಕ್ಷರಗಳು ಸದ್ದಿಲ್ಲದೆ ಅಡ್ಡಾದಿಡ್ಡಿಯಾಗಿ ಮೂಲ ಪಠ್ಯವೇ ಹಾಳಾಗುವುದಕ್ಕಿಂತ ಬಾಗಿಲಲ್ಲೇ ತಡೆದು ನಿಲ್ಲಿಸುವುದು ಎಷ್ಟೋ ಮೇಲು. ಎಬಿಐ ಮುರಿಯಲೇಬೇಕಾದಾಗ ಅದನ್ನು ಹೆಸರಿನ ಮಟ್ಟಕ್ಕೆ ಎತ್ತಿ, ಗಟ್ಟಿ ದನಿಯಲ್ಲಿ ಮುರಿಯಬೇಕು.

2012ರಲ್ಲಿ ಬಂದ 3.3ರಲ್ಲಿ, ಮಾರ್ಟಿನ್ ಫಾನ್ ಲೋವಿಸ್ ಬರೆದ ಪೆಪ್ 393ರ (ಪೈಥಾನಿನ ಬದಲಾವಣೆಗಳನ್ನು ಸೂಚಿಸುವ ದಾಖಲೆಗಳಿಗೆ ಪೆಪ್ ಎನ್ನುತ್ತಾರೆ) ಪ್ರಕಾರ, ಈ ಆಯ್ಕೆಯೇ ಹೋಯಿತು. ಪ್ರತಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಪ್ರತಿ ಸರಣಿ, ತನಗೆ ಬೇಕಾದಷ್ಟೇ ಅಗಲವನ್ನು ತಾನೇ ಆರಿಸಿಕೊಳ್ಳತೊಡಗಿತು. ಬರೀ ಇಂಗ್ಲಿಷ್ ಅಕ್ಷರಗಳಿದ್ದರೆ ಅಕ್ಷರಕ್ಕೆ 1 ಬೈಟು; ಕನ್ನಡವಿದ್ದರೆ 2 ಬೈಟು, ಏಕೆಂದರೆ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳೂ ಮೊದಲ 65,536ರ ಒಳಗೇ ಇವೆ; ಎಮೋಜಿಯಂಥವು ಸೇರಿದರೆ 4 ಬೈಟು. ಒಳ್ಳೆಯ ಬದಲಾವಣೆ, ಮೆಮೊರಿ ಬಹಳ ಉಳಿಯಿತು. ಆದರೆ ‘ಸ್ಟ್ರಿಂಗಿನ ಒಳಗಿರುವ ಅಕ್ಷರಗಳ ಸಾಲಿಗೆ ನೇರ ಪಾಯಿಂಟರ್ ಕೊಡು’ ಎಂದು ಕೇಳುತ್ತಿದ್ದ ನನ್ನಂಥವರ ಹಳೆಯ ಮಾಡ್ಯೂಲುಗಳ ಗತಿಯೇನು? ಅವು ಕೇಳುವ ಬಗೆಯ ಸಾಲೇ ಈಗ ಒಳಗೆ ಇಲ್ಲ.

ಇಂಟರ್‌ಪ್ರಿಟರಿನವರು ಕೈಬಿಡಲಿಲ್ಲ. ಪ್ರತಿ ಸ್ಟ್ರಿಂಗಿನ ಸ್ಟ್ರಕ್ಟ್‌ನಲ್ಲಿ ಇನ್ನೊಂದು ಪಾಯಿಂಟರಿಗೆ ಜಾಗ ಕಾದಿರಿಸಿದರು. ಹಳೆಯ ಮ್ಯಾಕ್ರೋ ಬಂದು ಕೇಳಿದಾಗ ಮಾತ್ರ, ಹಳೆಯ ವಿನ್ಯಾಸದಲ್ಲಿ ಅಕ್ಷರಗಳ ಒಂದು ಪ್ರತಿಯನ್ನು ಹೊಸದಾಗಿ ಮಾಡಿ, ಅದನ್ನು ಆ ಪಾಯಿಂಟರಿಗೆ ತಗುಲಿಸಿ ಕೊಡುತ್ತಿದ್ದರು. ಯಾರೂ ಕೇಳದಿದ್ದರೆ ಆ ಜಾಗ ಖಾಲಿ. ಖಾಲಿಯಿದ್ದರೂ ಅದು ಜಾಗವೇ. ಜಗತ್ತಿನ ಪ್ರತಿಯೊಂದು ಪೈಥಾನ್ ಪ್ರೋಗ್ರಾಮಿನ ಪ್ರತಿಯೊಂದು ಸ್ಟ್ರಿಂಗೂ ಆ ಭಾರವನ್ನು ಹೊತ್ತುಕೊಂಡಿತು. ‘ಗದಗ’ ಎಂಬ ಮೂರಕ್ಷರದ ಸ್ಟ್ರಿಂಗನ್ನೇ ತೆಗೆದುಕೊಳ್ಳಿ. 64 ಬಿಟ್ ಯಂತ್ರದ ಪೈಥಾನ್ 3.11ರಲ್ಲಿ ಅದರ ತಲೆಭಾಗಕ್ಕೆ 72 ಬೈಟು, ಮೂರು ಅಕ್ಷರಕ್ಕೂ ಕೊನೆಯ ಸೊನ್ನೆಗೂ ಸೇರಿ 8 ಬೈಟು, ಒಟ್ಟು 80. ಪೈಥಾನ್ 3.12ರಲ್ಲಿ ಅದೇ ‘ಗದಗ’ಕ್ಕೆ 64 ಬೈಟು ಸಾಕು. ನಡುವಿನ 16 ಬೈಟುಗಳು, ಆ ಪಾಯಿಂಟರಿಗೂ ಅದು ತೋರಿಸುವ ಪ್ರತಿಯ ಉದ್ದಕ್ಕೂ ಸೇರಿ, ನನ್ನ ಮಾಡ್ಯೂಲಿನಂಥವುಗಳಿಗಾಗಿ ಹನ್ನೊಂದು ವರ್ಷ ಕಾದಿಟ್ಟ ಜಾಗ.

ಆ ಲೆಕ್ಕವನ್ನು ಮೊದಲ ಸಲ ಮಾಡಿ ನೋಡಿದಾಗ ನನ್ನ ಮನಸ್ಸು ತುಂಬಿ ಬಂತು. ಫೋನ್ ಬಂದ ದಿನ ನನಗೆ ಸಿಟ್ಟು ಬಂದಿದ್ದು ನಿಜ. ಆದರೆ 2012ರಿಂದ 2023ರವರೆಗೆ, ನನ್ನ ಹೆಸರೂ ಗೊತ್ತಿಲ್ಲದ ಜನ, ನನ್ನ ಕೆಲಸ ನಿಲ್ಲಬಾರದೆಂದು ಇಷ್ಟೊಂದು ಭಾರವನ್ನು ಎಲ್ಲರ ಮೇಲೂ ಹೊರಿಸಿಕೊಂಡು ಬಂದಿದ್ದರು. ಅವರು ಅದಕ್ಕೊಂದು ಕೊನೆಯನ್ನೂ ಇಟ್ಟರು. ಇನಾದಾ ನಾವೋಕಿ ಬರೆದ ಪೆಪ್ 623 ಆ ಜಾಗವನ್ನು 3.12ರಲ್ಲಿ ತೆಗೆಯಲಾಗುವುದು ಎಂದು ಮೊದಲೇ ಹೇಳಿತ್ತು. ಓದಿಕೊಂಡಿರಬೇಕಾದವನು ನಾನು.

ಹಾಗಿದ್ದರೂ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ‘ಇದನ್ನು ಇನ್ನು ಬಳಸಬೇಡಿ’ ಎಂಬ ಮಾತು 3.3ರ ದಾಖಲೆಯಲ್ಲೇ ಇತ್ತು. ಕಂಪೈಲರ್ ಅದನ್ನು ಎಚ್ಚರಿಕೆಯಾಗಿ ಮುದ್ರಿಸತೊಡಗಿದ್ದು ಹಲವು ವರ್ಷಗಳ ನಂತರ. ಆ ಎಚ್ಚರಿಕೆ ಬರುವುದೂ ಕಂಪೈಲ್ ಮಾಡುವವರ ಪರದೆಯ ಮೇಲೆ. ಒಮ್ಮೆ ಕಟ್ಟಿಕೊಟ್ಟ ಬೈನರಿಯನ್ನು ವರ್ಷಗಟ್ಟಲೆ ಓಡಿಸುವವರಿಗೆ ಅದು ಎಂದೂ ಕಾಣುವುದಿಲ್ಲ; ಕಂಡರೂ ಅಕ್ಷರ ಜೋಡಿಸುವ ಹುಡುಗ ಅದನ್ನು ನೋಡಿ ಏನು ಮಾಡಿಯಾನು? ಎಚ್ಚರಿಕೆಯು ಅದನ್ನು ಸರಿಪಡಿಸಬಲ್ಲವರ ಕಿವಿಗೆ ಬೀಳುವಂತೆ ಏರ್ಪಾಡು ಮಾಡುವುದು ಹೊಂದಾಣಿಕೆಯ ಅರ್ಧ ಕೆಲಸ ಎಂದು ನನ್ನ ಅಭಿಪ್ರಾಯ, ಆ ಅರ್ಧವನ್ನು ಯಾವ ಭಾಷೆಯೂ ಇನ್ನೂ ಚೆನ್ನಾಗಿ ಮಾಡಿಲ್ಲ.

ಇನ್ನೊಂದು ಘಟನೆಯನ್ನು ನೋಡೋಣ. ಇದರಲ್ಲಿ ಮುರಿದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಜಾಗ. ಪೈಥಾನಿನಲ್ಲಿ ಪ್ರತಿ ಜಾತಿಯ ವಸ್ತುವನ್ನೂ ವರ್ಣಿಸುವ ಒಂದು ದೊಡ್ಡ ಸ್ಟ್ರಕ್ಟ್ ಇದೆ. ಅದರಲ್ಲಿ ‘ಟಿಪಿ_ಪ್ರಿಂಟ್’ ಎಂಬ ಮನೆಯೊಂದಿತ್ತು. ಪೈಥಾನ್ 2ರ ಕಾಲದಲ್ಲಿ ಅದಕ್ಕೆ ಕೆಲಸವಿತ್ತು, ಪೈಥಾನ್ 3ರಲ್ಲಿ ಅದು ಸುಮ್ಮನೆ ಬಿದ್ದಿತ್ತು. 2019ರಲ್ಲಿ 3.8 ಸಿದ್ಧವಾಗುವಾಗ, ಫಂಕ್ಷನ್ ಕರೆಗಳನ್ನು ವೇಗಗೊಳಿಸುವ ಪೆಪ್ 590ರ ಕೆಲಸಕ್ಕೆ ಸ್ಟ್ರಕ್ಟ್‌ನಲ್ಲಿ ಒಂದು ಜಾಗ ಬೇಕಾಯಿತು. ಖಾಲಿ ಬಿದ್ದ ಮನೆ ಇದ್ದೇ ಇದೆ, ಅದಕ್ಕೆ ಹೊಸ ಹೆಸರಿಟ್ಟು ಬಳಸಿದರೆ ಉಳಿದ ಯಾವ ಜಾಗವೂ ಕದಲುವುದಿಲ್ಲ ಎಂದು ಯೋಚಿಸಿದರು. ಬೈಟುಗಳ ಲೆಕ್ಕದಲ್ಲಿ ಇದು ನೂರಕ್ಕೆ ನೂರು ಸರಿ.

ಆದರೆ ಹೆಸರಿನ ಲೆಕ್ಕದಲ್ಲಿ ಸರಿಬರಲಿಲ್ಲ. ಪೈಥಾನಿನಂಥ ಭಾಷೆಯಿಂದ ಸಿ ಕೋಡನ್ನು ಹುಟ್ಟಿಸಿಕೊಡುವ ಸೈಥಾನ್ ಎಂಬ ಸಾಧನವು, ತಾನು ಬರೆಯುವ ಪ್ರತಿ ಫೈಲಿನಲ್ಲಿಯೂ ಈ ಟಿಪಿ_ಪ್ರಿಂಟ್ ಮನೆಗೆ ಸೊನ್ನೆಯನ್ನು ತುಂಬುವ ಒಂದು ಸಾಲನ್ನು ಹಾಕುತ್ತಿತ್ತು. ಏನೂ ಮಾಡದ ಮನೆಗೆ ಏನೂ ಅಲ್ಲದ್ದನ್ನು ತುಂಬುವ ಸಾಲು! ಹೆಸರು ಮಾಯವಾದ ಕೂಡಲೇ ಆ ಫೈಲುಗಳೆಲ್ಲ ಕಂಪೈಲ್ ಆಗುವುದು ನಿಂತಿತು. ಸೈಥಾನನ್ನು ತಿದ್ದಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು, ಎಷ್ಟೋ ಪ್ಯಾಕೇಜುಗಳು ಸೈಥಾನ್ ಹುಟ್ಟಿಸಿದ ಸಿ ಫೈಲನ್ನೇ ತಮ್ಮ ಮೂಲದ ಜೊತೆ ಕಟ್ಟಿ ಹಂಚಿಬಿಟ್ಟಿದ್ದವು, ಹಂಚಿದ್ದನ್ನು ಮರಳಿ ತರಲಾಗದು. ಕೊನೆಗೆ 3.8ರಲ್ಲಿ ಟಿಪಿ_ಪ್ರಿಂಟ್ ಎಂಬ ಹೆಸರನ್ನು ಸ್ಟ್ರಕ್ಟ್‌ನ ಕಟ್ಟಕಡೆಯಲ್ಲಿ ಮರಳಿ ಸೇರಿಸಿದರು. ಇದು ಈ ಒಂದು ಆವೃತ್ತಿಗೆ ಮಾತ್ರ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದರು. 3.9ರಲ್ಲಿ ಅದು ಹೋಯಿತು.

ಅದೇ 3.8ರಲ್ಲಿ ‘ಪೈಕೋಡ್_ನ್ಯೂ’ ಎಂಬ ಫಂಕ್ಷನ್ನಿಗೂ ಹೀಗೆಯೇ ಆಯಿತು. ಹೊಸ ಬಗೆಯ ಪ್ಯಾರಾಮೀಟರುಗಳಿಗಾಗಿ ಅದಕ್ಕೆ ಒಂದು ಆರ್ಗ್ಯುಮೆಂಟ್ ಹೆಚ್ಚಿಸಿದ್ದರು. ಅದನ್ನು ಕರೆಯುವವರೆಲ್ಲರ ಕೋಡು ಮುರಿಯುತ್ತದೆಂದು ಬೀಟಾ ಹಂತದಲ್ಲಿ ತಿಳಿದಾಗ, ಹಳೆಯ ಫಂಕ್ಷನನ್ನು ಮೊದಲಿನಂತೆಯೇ ಬಿಟ್ಟು, ಹೊಸ ಆರ್ಗ್ಯುಮೆಂಟನ್ನು ತೆಗೆದುಕೊಳ್ಳುವ ಬೇರೊಂದು ಫಂಕ್ಷನನ್ನು ಉದ್ದದ ಹೆಸರಿನಲ್ಲಿ ಪಕ್ಕದಲ್ಲಿ ನಿಲ್ಲಿಸಿದರು. ಈ ಪದ್ಧತಿಯಿಂದ ಎಪಿಐ ನೋಡಲು ಅಂದಗೆಡುತ್ತದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಳೆಯ ಬಾಗಿಲನ್ನು ಹಾಗೆಯೇ ಇಟ್ಟು ಪಕ್ಕದಲ್ಲಿ ಇನ್ನೊಂದು ಬಾಗಿಲನ್ನು ತೆಗೆದ ಮನೆಯಲ್ಲಿ ಯಾರ ಹಣೆಯೂ ಗೋಡೆಗೆ ಬಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಇವೆಲ್ಲಕ್ಕೂ ಮೂಲದಲ್ಲಿಯೇ ಪರಿಹಾರವಿತ್ತಲ್ಲವೇ, ಮೊದಲಿನಿಂದಲೂ ಸ್ಟ್ರಕ್ಟ್‌ಗಳನ್ನು ಮುಚ್ಚಿಟ್ಟಿದ್ದರೆ ಆಗುತ್ತಿತ್ತಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಮುಚ್ಚಿಟ್ಟ ಭಾಷೆಯೊಂದು ನಮ್ಮ ಕಣ್ಣ ಮುಂದೆಯೇ ಇದೆ. ಲುವಾ ಭಾಷೆಯಲ್ಲಿ ಸಿ ಕೋಡಿಗೆ ಒಳಗಿನ ಟೇಬಲಿನ ಪಾಯಿಂಟರ್ ಸಿಗುವುದೇ ಇಲ್ಲ. ಎಲ್ಲ ಕೊಡುಕೊಳ್ಳುವಿಕೆಯೂ ಒಂದು ಸ್ಟ್ಯಾಕಿನ ಮೂಲಕ, ‘ಮೇಲಿನಿಂದ ಎರಡನೆಯದು’ ಎಂಬಂಥ ಸ್ಥಾನಗಳ ಮೂಲಕ ನಡೆಯುತ್ತದೆ. 2003ರ ಲುವಾ 5.0ರಲ್ಲಿ ಒಳಗಿನ ಯಂತ್ರವನ್ನೇ ಬಿಚ್ಚಿ ರಿಜಿಸ್ಟರ್ ಆಧಾರಿತವಾಗಿ ಮತ್ತೆ ಕಟ್ಟಲು ಅವರಿಗೆ ಸಾಧ್ಯವಾದದ್ದರ ಹಿಂದೆ ಈ ಮುಚ್ಚಿದ ಗೋಡೆಯ ಪಾಲೂ ಇದೆ. ಆದರೆ ಅದೇ ಲುವಾ 5.1ರಿಂದ 5.2ಕ್ಕೆ, 5.2ರಿಂದ 5.3ಕ್ಕೆ ಹೋಗುವಾಗ ಹೊರಗಿನ ಫಂಕ್ಷನ್ನುಗಳನ್ನೇ ಬದಲಿಸಿದೆ, ಹಾಗಾಗಿ ಗೋಡೆ ಇದ್ದ ಮಾತ್ರಕ್ಕೆ ವಚನವೂ ಇದ್ದಂತಾಗುವುದಿಲ್ಲ. ಗೋಡೆಯು ಕಟ್ಟುವವರಿಗೆ ಒಳಗೆ ಸ್ವಾತಂತ್ರ್ಯ ಕೊಡುತ್ತದೆ, ಹೊರಗಿನವರಿಗೆ ಏನನ್ನು ಕೊಡಬೇಕೆಂಬುದು ಬೇರೆಯೇ ನಿರ್ಧಾರ.

ಪೈಥಾನಿನಲ್ಲಿ ಗೋಡೆ ಕಡಿಮೆ ಇದ್ದುದಕ್ಕೂ ಫಲ ಸಿಕ್ಕಿದೆ ಎಂಬುದನ್ನು ಮರೆಯಬಾರದು. ನಂಪೈಯಂಥ ಗಣಿತದ ಲೈಬ್ರರಿಗಳು ಬೆಳೆದದ್ದು, ಇಂಟರ್‌ಪ್ರಿಟರಿನ ಒಳಗೆ ಕೈಯಿಟ್ಟು ವೇಗವಾಗಿ ಕೆಲಸ ಮಾಡಲು ಬಿಟ್ಟಿದ್ದರಿಂದ. ಆ ನಂಪೈ, 2006ರ ನಂತರದ ತನ್ನ ಮೊದಲ ದೊಡ್ಡ ಆವೃತ್ತಿಯಾಗಿ 2024ರ ಜೂನಿನಲ್ಲಿ ಬಂದ 2.0ರಲ್ಲಿ, ತನ್ನದೇ ಎಬಿಐಯನ್ನು ಮುರಿಯಿತು. ಮುರಿಯುವಾಗಲೂ, 2.0ಕ್ಕೆ ಕಟ್ಟಿದ ಬೈನರಿಗಳು ಹಿಂದಿನ 1ರ ಸರಣಿಯಲ್ಲಿಯೂ ನಡೆಯುವಂತೆ ನೋಡಿಕೊಂಡರು. ಇದರಿಂದ ಮಾಡ್ಯೂಲು ಬರೆಯುವವರು ಒಂದೇ ಸಲ ಕಟ್ಟಿ ಎರಡೂ ಕಡೆಯವರಿಗೆ ಕೊಡಬಹುದಾಯಿತು. ದಾಟುವ ಕಾಲದಲ್ಲಿ ಜನರಿಗೆ ಎರಡೂ ದಡಗಳಲ್ಲಿ ಕಾಲೂರಲು ಬಿಡುವ ಈ ಉಪಾಯವನ್ನು ನೀವು ನೆನಪಿಟ್ಟುಕೊಳ್ಳಬೇಕು.

ಪೈಥಾನಿನವರು ಗೋಡೆಯನ್ನು ತಡವಾಗಿಯಾದರೂ ಕಟ್ಟತೊಡಗಿದರು. 2011ರಲ್ಲಿ ಬಂದ 3.2ರಲ್ಲಿ ಪೆಪ್ 384ರ ಸ್ಥಿರ ಎಬಿಐ ಸೇರಿತು. ಇದನ್ನು ಬರೆದವರೂ ಫಾನ್ ಲೋವಿಸ್ ಅವರೇ. ಕಂಪೈಲ್ ಮಾಡುವಾಗ ‘ನನಗೆ ಸೀಮಿತ ಎಪಿಐ ಸಾಕು’ ಎಂದು ಹೇಳಿಕೊಂಡರೆ, ಹೆಡರ್ ಫೈಲುಗಳು ಸ್ಟ್ರಕ್ಟ್‌ಗಳ ಹೆಚ್ಚಿನ ವಿವರಗಳನ್ನು ನಮ್ಮಿಂದ ಮರೆಮಾಡುತ್ತವೆ. ಪ್ರತಿಯಾಗಿ, ಹಾಗೆ ಕಟ್ಟಿದ ಒಂದೇ ಬೈನರಿ ಮುಂದಿನ 3ರ ಸರಣಿಯ ಆವೃತ್ತಿಗಳಲ್ಲಿಯೂ ನಡೆಯುತ್ತದೆ ಎಂಬ ಭರವಸೆ ಸಿಗುತ್ತದೆ. ಹೊಸ್ತಿಲಿನಿಂದ ಹೆಜ್ಜೆ ಎಣಿಸುವುದನ್ನು ಬಿಟ್ಟು ಯಜಮಾನನನ್ನು ಕೇಳುತ್ತೇನೆ ಎಂದು ಬರೆದುಕೊಡುವುದು ಇದು.

ಆದರೂ ಆ ಗೋಡೆಯಲ್ಲಿ ಒಂದು ಕಿಂಡಿ ಉಳಿದಿತ್ತು. ರೆಫರೆನ್ಸ್ ಕೌಂಟನ್ನು ಏರಿಸುವ ಇಳಿಸುವ ಕೆಲಸ ಎಷ್ಟು ಪದೇ ಪದೇ ನಡೆಯುತ್ತದೆಂದರೆ, ಅದಕ್ಕೂ ಫಂಕ್ಷನ್ ಕರೆ ಎಂದರೆ ಎಲ್ಲವೂ ನಿಧಾನವಾದೀತೆಂದು, ಆ ಎಣಿಕೆಯನ್ನು ಬೈನರಿಯೇ ನೇರವಾಗಿ ತಿದ್ದುವಂತೆ ಬಿಟ್ಟಿದ್ದರು. 2023ರ 3.12ರಲ್ಲಿ ಎರಿಕ್ ಸ್ನೋ ಮತ್ತು ಎಡ್ಡಿ ಎಲಿಜೊಂಡೊ ಅವರ ಪೆಪ್ 683 ಜಾರಿಗೆ ಬಂತು. ‘ನನ್’, ‘ಟ್ರೂ’ದಂಥ ಎಂದೂ ಸಾಯದ ವಸ್ತುಗಳ ಎಣಿಕೆಯನ್ನು ಇನ್ನು ಮುಟ್ಟುವುದೇ ಬೇಡ ಎಂಬುದು ಅದರ ಸಾರ. ಒಂದು ಪ್ರಕ್ರಿಯೆಯಿಂದ ಕವಲೊಡೆದ ಹಲವು ಪ್ರಕ್ರಿಯೆಗಳು ಒಂದೇ ಮೆಮೊರಿ ಪುಟವನ್ನು ಹಂಚಿಕೊಂಡಿರುವಾಗ, ಬರೀ ಎಣಿಕೆ ತಿದ್ದಿದ್ದಕ್ಕಾಗಿ ಆ ಪುಟದ ಪ್ರತಿ ಮಾಡಬೇಕಾಗುವ ದುಂದು ಇದರಿಂದ ತಪ್ಪುತ್ತದೆ. ಆದರೆ ಹಳೆಯ ಸ್ಥಿರ ಎಬಿಐಯ ಬೈನರಿಗಳಿಗೆ ಈ ಹೊಸ ಕಟ್ಟಳೆ ಹೇಗೆ ಗೊತ್ತಾಗಬೇಕು? ಅವು ಮೊದಲಿನಂತೆಯೇ ಎಣಿಕೆಯನ್ನು ಏರಿಸುತ್ತ ಇಳಿಸುತ್ತ ಇರುತ್ತವೆ. ಪೆಪ್ ಬರೆದವರು ಇದನ್ನು ಮೊದಲೇ ಎಣಿಸಿ, ಅಮರ ವಸ್ತುಗಳ ಎಣಿಕೆಯನ್ನು ಗಡಿಯಿಂದ ಬಹಳ ದೂರದ ದೊಡ್ಡ ಸಂಖ್ಯೆಯಲ್ಲಿ ಇಡುವ ಮಾತನ್ನು ಚರ್ಚಿಸಿದ್ದಾರೆ. ಹಳೆಯ ಬೈನರಿಗಳು ಅರಿಯದೆ ಒಂದಿಷ್ಟು ಆಚೀಚೆ ಮಾಡಿದರೂ ಅಮರತ್ವ ಕೆಡಬಾರದೆಂಬ ಎಚ್ಚರ ಅದು. 3.12 ಅಥವಾ ಮುಂದಿನ ಆವೃತ್ತಿಯ ಸೀಮಿತ ಎಪಿಐಯನ್ನು ಆಯ್ದುಕೊಂಡು ಕಟ್ಟುವವರಿಗೆ ಆ ಕಿಂಡಿಯೂ ಮುಚ್ಚಿದೆ. ಎಣಿಕೆ ತಿದ್ದುವುದು ಈಗ ಫಂಕ್ಷನ್ ಕರೆ.

ನಿಯಮಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೆಪ್ 387 ಎಂಬ ದಾಖಲೆಯಲ್ಲಿ, ಯಾವುದನ್ನಾದರೂ ತೆಗೆಯುವ ಮೊದಲು ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡಬೇಕೆಂದಿದೆ. ಪೆಪ್ 689 ಬಂದ ಮೇಲೆ, ಯಾವಾಗ ಬೇಕಾದರೂ ಬದಲಾಗಬಹುದಾದ ಫಂಕ್ಷನ್ನುಗಳ ಹೆಸರಿನ ಮೊದಲಲ್ಲೇ ‘ಅಸ್ಥಿರ’ ಎಂಬ ಅರ್ಥದ ಮಾತು ಸೇರುತ್ತದೆ, ಬಳಸುವವರಿಗೆ ಮೋಸವಾಗದಿರಲೆಂದು. ಹೆಸರಿನ ಮುಂದೆ ಅಡಿಗೆರೆ ಇದ್ದರೆ ಅದು ಖಾಸಗಿ ಎಂಬ ಸಂಪ್ರದಾಯ ಹಿಂದಿನಿಂದಲೂ ಇದೆ. ಆದರೆ 3.13ಕ್ಕಾಗಿ ಅಂಥ ಖಾಸಗಿ ಫಂಕ್ಷನ್ನುಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದಾಗ, ಹೊರಗಿನ ಎಷ್ಟೋ ಯೋಜನೆಗಳು ಅವುಗಳ ಮೇಲೆಯೇ ನಿಂತಿರುವುದು ತಿಳಿದು, ಬಿಡುಗಡೆಗೆ ಮುಂಚೆಯೇ ಕೆಲವನ್ನು ಮರಳಿ ತರಬೇಕಾಯಿತು. ಅಡಿಗೆರೆಯೂ ಒಂದು ಫಲಕ ಅಷ್ಟೇ; ಫಲಕವು ತೀರ್ಮಾನಿಸುವುದಿಲ್ಲ ಎಂದು ನಾನು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ. ಮನೆಯ ಗೋಡೆಗೆ ಒರಗಿ ಒಬ್ಬ ಹಿರಿಯ ಕುಳಿತಿದ್ದಾನೆಂದರೆ, ಆ ಗೋಡೆ ನಿಮ್ಮದು ಎಂಬ ಹಕ್ಕಿನಿಂದ ಅವನಿಗೆ ಹೇಳದೆ ಅದನ್ನು ಕೆಡವುವುದು ಸರಿಯಲ್ಲ. ಅವನನ್ನು ಎಬ್ಬಿಸಿ, ಕೂಡಲು ಇನ್ನೊಂದು ಜಾಗ ತೋರಿಸಿ, ಆಮೇಲೆ ಹಾರೆ ಎತ್ತಬೇಕು.

‘ಇನ್ನೊಂದು ಜಾಗ ತೋರಿಸಿ’ ಎಂದೆ, ಅದು ಬಹಳ ಮುಖ್ಯ. ಹೊಸ ದಾರಿ ಸಿದ್ಧವಾಗದೆ ಹಳೆಯದನ್ನು ತೆಗೆಯುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ವಸ್ತುವಿನ ಜಾತಿಯನ್ನು ಓದುವ ಮ್ಯಾಕ್ರೋವನ್ನೇ ಸಮಚಿಹ್ನೆಯ ಎಡಕ್ಕಿಟ್ಟು ಜಾತಿಯನ್ನು ಬದಲಿಸುವ ರೂಢಿ ಬಹಳ ಮಾಡ್ಯೂಲುಗಳಲ್ಲಿತ್ತು. 3.11ರಲ್ಲಿ ಅದು ನಿಂತಿತು. ಆದರೆ ಬದಲಿಸಲೆಂದೇ ಪ್ರತ್ಯೇಕ ಫಂಕ್ಷನ್ 3.9ರಿಂದಲೇ ಸಿದ್ಧವಿತ್ತು. ಜೊತೆಗೆ ವಿಕ್ಟರ್ ಸ್ಟಿನ್ನರ್ ಅವರು, ಹೊಸ ಫಂಕ್ಷನ್ನುಗಳು ಹಳೆಯ ಪೈಥಾನಿನಲ್ಲಿಯೂ ಸಿಗುವಂತೆ ಮಾಡುವ ಒಂದು ಹೆಡರ್ ಫೈಲನ್ನು ಬರೆದು ಕೊಟ್ಟರು. ಅದನ್ನು ಸೇರಿಸಿಕೊಂಡರೆ ಕೋಡನ್ನು ಹೊಸ ರೀತಿಯಲ್ಲಿ ಒಮ್ಮೆ ಬರೆದರೆ ಸಾಕು, ಹಳೆಯದರಲ್ಲೂ ಕಂಪೈಲ್ ಆಗುತ್ತದೆ. ಒಳಭಾಗವನ್ನು ಬದಲಿಸುವವರೇ ಹೊರಗಿನವರ ಕೆಲಸದ ಒಂದು ಪಾಲನ್ನು ತಾವು ಮಾಡಿಕೊಟ್ಟರೆ ಬದಲಾವಣೆ ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ನಿದರ್ಶನ ಇದು.

ಗದಗಿನ ಮಾಡ್ಯೂಲನ್ನು ನಾನು ಏನು ಮಾಡಿದೆ ಎಂದು ಹೇಳಿ ಮುಗಿಸುತ್ತೇನೆ. ಅಕ್ಷರಗಳ ಸಾಲಿಗೆ ನೇರ ಪಾಯಿಂಟರ್ ಹಿಡಿಯುವುದನ್ನು ಪೂರ್ತಿ ಬಿಟ್ಟೆ. ಪಠ್ಯವನ್ನು, ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ ಕೇಳಿ ಪಡೆಯುವುದು, ನನ್ನದೇ ಜಾಗದಲ್ಲಿ ಅರ್ಕಾವತ್ತು ಒತ್ತಕ್ಷರಗಳನ್ನು ಸರಿಪಡಿಸುವುದು, ಮತ್ತೆ ಯುಟಿಎಫ್-8ರಿಂದಲೇ ಹೊಸ ಸ್ಟ್ರಿಂಗನ್ನು ಕಟ್ಟಿಸಿಕೊಳ್ಳುವುದು, ಇಷ್ಟಕ್ಕೆ ಬೇಕಾದ ಫಂಕ್ಷನ್ನುಗಳು 3.10ರ ಸೀಮಿತ ಎಪಿಐಯಲ್ಲಿ ಸಿಗುತ್ತವೆ. ಹೋಗುವಾಗ ಬರುವಾಗ ಎರಡು ಸಲ ರೂಪಾಂತರವಾಗುವುದರಿಂದ ಸ್ವಲ್ಪ ನಿಧಾನವಾಗುತ್ತದೆ; ನಾನೂರು ಪುಟದ ಪುಸ್ತಕಕ್ಕೆ ಆ ವ್ಯತ್ಯಾಸ ಅಲ್ಲಿ ಕುಳಿತವರಿಗೆ ತಿಳಿಯಲಿಲ್ಲ. ಈಗ ಆ ಫೈಲಿನ ಹೆಸರಿನಲ್ಲಿ 3.10 ಎಂದಾಗಲಿ 3.12 ಎಂದಾಗಲಿ ಗುರುತಿಲ್ಲ. ಹಳೆಯ ಕಂಪ್ಯೂಟರಿನಲ್ಲೂ ಹೊಸದರಲ್ಲೂ ಅದೇ ಒಂದು ಫೈಲು ನಡೆಯುತ್ತಿದೆ, ನಡುವೆ ಅವರು 3.13ಕ್ಕೆ ಹೋದಾಗ ನನಗೆ ಫೋನ್ ಬರಲಿಲ್ಲ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ, “ಸರ, ಇನ್ನ ಮುಂದ ಅದನ್ನ ಮತ್ತ ಕಟ್ಟೋ ಪ್ರಸಂಗನ ಬರೂದಿಲ್ಲೇನ್ರಿ?” ಎಂದು ಕೇಳಿದರು. ಬರುತ್ತದೆ. ಎಲ್ಲ ಥ್ರೆಡ್‌ಗಳನ್ನೂ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆಗಳನ್ನೂ, ಒಂದೇ ಬೀಗದ ಅಡಿಯಲ್ಲಿ ಓಡಿಸುವುದನ್ನು ಬಿಟ್ಟ ಪೈಥಾನ್, ಅಂದರೆ ಸ್ಯಾಮ್ ಗ್ರಾಸ್ ಅವರ ಪೆಪ್ 703ರ ಪ್ರಕಾರ ಕಟ್ಟಿದ ಬೇರೆ ಬಿಲ್ಡ್, 3.13ರಲ್ಲಿ ಪ್ರಯೋಗವಾಗಿ ಬಂದು 2025ರ 3.14ರಲ್ಲಿ ಅಧಿಕೃತ ಬೆಂಬಲ ಪಡೆದಿದೆ. ಅದರಲ್ಲಿ ಪ್ರತಿ ವಸ್ತುವಿನ ತಲೆಭಾಗದ ವಿನ್ಯಾಸವೇ ಬೇರೆ. ಎಣಿಕೆಯನ್ನು ಒಂದೇ ಕಡೆ ಇಡದೆ, ವಸ್ತುವಿನ ಒಡೆಯನಾದ ಥ್ರೆಡ್‌ನ ಎಣಿಕೆ ಬೇರೆ, ಉಳಿದವರ ಎಣಿಕೆ ಬೇರೆ ಎಂದು ಒಡೆದಿದ್ದಾರೆ. 1990ರ ದಶಕದಲ್ಲಿ ನಮ್ಮ ಹುಬ್ಬಳ್ಳಿಯ ಕಡೆಯ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜಿಗೆ ಬದಲಾದಾಗ, 1000 ಮಿಲಿಮೀಟರಿನ ಗಾಲಿಗಳ ಬೋಗಿ ಒಳಗೆ ಎಷ್ಟೇ ಗಟ್ಟಿಯಾಗಿದ್ದರೂ 1676 ಮಿಲಿಮೀಟರಿನ ಹಳಿಯ ಮೇಲೆ ನಿಲ್ಲುವಂತಿರಲಿಲ್ಲ. ನನ್ನ ಈಗಿನ ಫೈಲಿನದೂ ಅದೇ ಸ್ಥಿತಿ. ಆ ಪೈಥಾನಿಗಾಗಿ ಇನ್ನೊಂದು ಫೈಲನ್ನು ಕಟ್ಟಲು ಶುರು ಮಾಡಿದ್ದೇನೆ. ಮೊದಲ ಪರೀಕ್ಷೆಗೆ ‘ಸೂರ್ಯ’ ಎಂಬ ಒಂದೇ ಮಾತನ್ನು ಎಂಟು ಥ್ರೆಡ್‌ಗಳಿಂದ ಒಟ್ಟಿಗೆ ತಿರುಗಿಸಿ ನೋಡುತ್ತಿದ್ದೇನೆ.